ಲೆಕ್ಕ ಬರೆದರೆ ನೆಮ್ಮದಿ ಹೋಗುತ್ತಾ? ಅಡಿಕೆ ತೋಟದಲ್ಲಿ ಎರಡು ಪುಸ್ತಕ ಇಟ್ಟ ನನ್ನ ಅನುಭವ

"ಲೆಕ್ಕ ಬರೆದರೆ ಕೃಷಿ ಮಾಡೋಕಾಗಲ್ಲ." ನಮ್ಮ ಶಿರಸಿ ಕಡೆ ಈ ಮಾತು ಕೇಳದೆ ಬೆಳೆದವರು ಕಡಿಮೆ. ಹಿರಿಯರು ಇದನ್ನು ಕಿರಿಯರಿಗೆ ಬುದ್ಧಿಮಾತಾಗಿಯೇ ಹೇಳುತ್ತಾರೆ. ಖರ್ಚು ಪೂರ್ತಿ ಗೊತ್ತಾದರೆ ಗದ್ದೆಗೆ ಇಳಿಯುವ ಮನಸ್ಸೇ ಬರುವುದಿಲ್ಲ, ಹಾಗಾಗಿ ಗೊತ್ತಿಲ್ಲದೆ ಇರುವುದೇ ಒಳ್ಳೆಯದು ಅಂತ ಅದರ ಅರ್ಥ. ಅಂದರೆ ನಾವು ಖುಷಿಯಾಗಿರಬೇಕಾದರೆ ಒಂದಿಷ್ಟನ್ನು ನಮ್ಮಿಂದಲೇ ಮುಚ್ಚಿಟ್ಟುಕೊಳ್ಳಬೇಕು. ಇದು ನಿಜವಾ ಅಂತ ನನ್ನ ತೋಟದಲ್ಲೇ ನೋಡಬೇಕು ಅನ್ನಿಸಿತು. ಕೆಲವು ವರ್ಷಗಳಿಂದ ನೋಡುತ್ತಾ ಇದ್ದೇನೆ. ಹೇಗೆ ಮಾಡಿದೆ, ಏನು ಕಂಡಿತು ಅಂತ ಇಲ್ಲಿ ಬರೆಯುತ್ತಿದ್ದೇನೆ. ಯಾಕೆಂದರೆ ಕೆಲಸ ಬಿಟ್ಟು ಊರಿಗೆ ಬರಬೇಕು ಅಂತಿರುವವರು ಫೋನ್ ಮಾಡಿದಾಗ ಮೊದಲು ಕೇಳುವುದೇ "ಖುಷಿಯಾಗಿದ್ದೀರಾ?" ಅಂತ, ಆ ಪ್ರಶ್ನೆಗೆ ಫೋನಿನಲ್ಲಿ ಬಾಯಿಗೆ ಬಂದ ಉತ್ತರ ಕೊಟ್ಟು ಯಾರ ಬದುಕನ್ನೂ ತಿರುಗಿಸಬಾರದು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ನಮ್ಮದು ಅಡಿಕೆ ತೋಟ, ಸ್ವಲ್ಪ ಗದ್ದೆ, ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ, ಕೊಟ್ಟಿಗೆಯಲ್ಲಿ ದನ. ಮನೆಯಲ್ಲಿ ಆಯಿ (ನನ್ನ ತಾಯಿ), ಹೆಂಡತಿ, ಮಗಳು. ನಾನು ಬೆಂಗಳೂರಿನ ಕಂಪನಿ ಕೆಲಸ ಬಿಟ್ಟು ಬಂದವನು.

ಮೊದಲು, ಈ ವಿಷಯ ನಮ್ಮೂರಿನದ್ದು ಮಾತ್ರ ಅಲ್ಲ. 1988ರಲ್ಲಿ ಶೆಲ್ಲಿ ಟೇಲರ್ ಮತ್ತು ಜೊನಾಥನ್ ಬ್ರೌನ್ ಅಂತ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಲೇಖನ ಬರೆದರು, ಅದರ ಮೇಲೆ ಇವತ್ತಿಗೂ ವಾದ ನಡೆಯುತ್ತಿದೆ. ಅವರು ಹೇಳಿದ್ದು ಹೀಗೆ: ಮನಸ್ಸು ಆರೋಗ್ಯವಾಗಿರುವ ಜನ ತಮ್ಮ ಬಗ್ಗೆ ಇರುವುದಕ್ಕಿಂತ ಜಾಸ್ತಿ ಒಳ್ಳೆಯ ಅಭಿಪ್ರಾಯ ಇಟ್ಟುಕೊಂಡಿರುತ್ತಾರೆ, ತಮ್ಮ ಕೈಯಲ್ಲಿ ಇಲ್ಲದ್ದೂ ಕೈಯಲ್ಲಿದೆ ಅಂದುಕೊಳ್ಳುತ್ತಾರೆ, ಮುಂದೆ ಎಲ್ಲ ಚೆನ್ನಾಗೇ ಆಗುತ್ತದೆ ಅಂತ ನಂಬುತ್ತಾರೆ. ಈ ಮೂರೂ ಸುಳ್ಳೇ, ಆದರೆ ಬದುಕಿಗೆ ಬೇಕಾದ ಸುಳ್ಳು ಅಂತ. ಅದಕ್ಕೂ ಮುಂಚೆ, 1979ರಲ್ಲಿ, ಲಾರೆನ್ ಅಲಾಯ್ ಮತ್ತು ಲಿನ್ ಅಬ್ರಾಮ್ಸನ್ ಕಾಲೇಜು ಹುಡುಗ ಹುಡುಗಿಯರನ್ನು ಕೂರಿಸಿ ಒಂದು ಪ್ರಯೋಗ ಮಾಡಿದ್ದರು. ಮುಂದೆ ಒಂದು ಗುಂಡಿ, ಒಂದು ಹಸಿರು ದೀಪ. ಗುಂಡಿ ಒತ್ತಿದರೂ ಒತ್ತದಿದ್ದರೂ ದೀಪ ತನ್ನಷ್ಟಕ್ಕೆ ಹತ್ತುತ್ತಿದ್ದಾಗಲೂ, ಅದು ಹತ್ತುವುದು ಒಳ್ಳೆಯ ಫಲ ಅಂತ ಇದ್ದರೆ, ಮನಸ್ಸು ಸರಿಯಿದ್ದವರು "ನಾನು ಒತ್ತಿದ್ದಕ್ಕೇ ಹತ್ತುತ್ತಿದೆ" ಅಂದುಕೊಂಡರು. ಖಿನ್ನತೆ ಇದ್ದವರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅಲ್ಲಿಂದ ದುಃಖಿಗಳಿಗೇ ಸತ್ಯ ಕಾಣುವುದು ಅನ್ನುವ ಮಾತು ಹುಟ್ಟಿ ಹಬ್ಬಿತು. ಆದರೆ 2022ರಲ್ಲಿ ಬೇರೆ ಸಂಶೋಧಕರು ಅದನ್ನೇ ಮತ್ತೆ ಮಾಡಿ ನೋಡಿದಾಗ ಆ ಫಲ ಸಿಗಲಿಲ್ಲ. ಹಾಗಾಗಿ ಸತ್ಯ ಕಂಡರೆ ಸಂತೋಷ ಹೋಗುತ್ತದೆ ಅನ್ನುವುದನ್ನು ಕಲ್ಲಿನ ಮೇಲಿನ ಬರಹ ಅಂತ ತಿಳಿಯಬೇಕಾಗಿಲ್ಲ.

ಹಸಿರು ದೀಪದ ಪ್ರಯೋಗ ಓದಿದಾಗ ನನಗೆ ತಕ್ಷಣ ನೆನಪಾದದ್ದು ಕೊಳೆ ಮದ್ದು, ಅಂದರೆ ಮಳೆಗಾಲದಲ್ಲಿ ಅಡಿಕೆಗೆ ಬರುವ ಕೊಳೆರೋಗಕ್ಕೆ ಹೊಡೆಯುವ ಔಷಧಿ. ಮಳೆಗಾಲ ಹಿಡಿಯುವ ಮೊದಲು ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ ಬೋರ್ಡೋ ಹೊಡೆಯುತ್ತೇವೆ. ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಕೊಳೆ ಬರದೇ ಇದ್ದ ವರ್ಷ "ಟೈಮಿಗೆ ಸರಿಯಾಗಿ ಹೊಡೆದೆವು" ಅನ್ನುತ್ತೇವೆ. ಬಂದ ವರ್ಷ "ಈ ಸಲ ಮಳೆ ಬಿಡಲೇ ಇಲ್ಲ" ಅನ್ನುತ್ತೇವೆ. ಊರೆಲ್ಲ ಹೀಗೇ ಮಾತಾಡುತ್ತದೆ. ಮದ್ದಿನಿಂದ ಕೊಳೆ ತಡೆಯುತ್ತದೆ, ಅದರಲ್ಲಿ ಅನುಮಾನ ಇಲ್ಲ, ಮದ್ದು ಬಿಟ್ಟವರ ತೋಟ ನೋಡಿದ್ದೇನೆ. ಆದರೆ ಒಂದು ವರ್ಷಕ್ಕೂ ಇನ್ನೊಂದು ವರ್ಷಕ್ಕೂ ಇರುವ ವ್ಯತ್ಯಾಸದಲ್ಲಿ ನನ್ನ ಪಾಲು ಎಷ್ಟು, ಮಳೆಯ ಪಾಲು ಎಷ್ಟು? ಇದನ್ನು ತಿಳಿಯಲು ಮದ್ದು ಹೊಡೆದ ತಾರೀಖು, ಮಧ್ಯೆ ಬಿಸಿಲು ಬಿದ್ದ ದಿನ, ಮತ್ತು ಅಕ್ಕಪಕ್ಕದ ತೋಟಗಳಲ್ಲಿ ಏನಾಯಿತು ಅನ್ನುವುದನ್ನು ಬರೆಯತೊಡಗಿದೆ. ಮೂರನೆಯದು ಮುಖ್ಯ. ನನ್ನ ತೋಟ ಉಳಿದ ವರ್ಷ ತಡವಾಗಿ ಹೊಡೆದವರ ತೋಟವೂ ಉಳಿದಿದ್ದರೆ ಆ ವರ್ಷದ ಹೊಗಳಿಕೆ ಮೋಡಕ್ಕೆ ಸೇರಬೇಕು. ಹಾಗೆ ಬರೆದ ಮೇಲೆ ಮಳೆಯ ಪಾಲೇ ಜಾಸ್ತಿ ಅಂತ ಕಂಡಿತು.

ಬೋರ್ಡೋ ತಯಾರಿಸುವಾಗ ಒಂದು ಚಾಕುವನ್ನು ಅದ್ದಿ ನೋಡುತ್ತೇವೆ. ಕಬ್ಬಿಣದ ಮೇಲೆ ಕೆಂಪು ಬಣ್ಣ ಕೂತರೆ ತಾಮ್ರ ಉಳಿದಿದೆ, ಸುಣ್ಣ ಸಾಲದು ಅಂತ. ನೋಡಿದವರು ಯಾರೇ ಇರಲಿ, ಚಾಕು ಅದನ್ನೇ ಹೇಳುತ್ತದೆ. ನನ್ನ ಸಂತೋಷದ ವಿಷಯದಲ್ಲೂ ಅಂಥದ್ದೊಂದು ಚಾಕು ಬೇಕಿತ್ತು, ನನ್ನ ಮನಸ್ಸಿಗೆ ತಕ್ಕಂತೆ ಬಣ್ಣ ಬದಲಿಸದೇ ಇರುವಂಥದ್ದು. ಅದಕ್ಕೇ ಎರಡು ಪುಸ್ತಕ.

ಮೊದಲನೆಯದು ದುಡ್ಡಿನ ಪುಸ್ತಕ. ಸುಮ್ನೆ ಬಂದದ್ದು ಹೋದದ್ದು ಬರೆದರೆ ಪ್ರಯೋಜನ ಕಡಿಮೆ, ಹಾಗೆ ಬರೆಯುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಕೃಷಿ ವೆಚ್ಚ ಮತ್ತು ಬೆಲೆ ಆಯೋಗ ಬೆಂಬಲ ಬೆಲೆ ಲೆಕ್ಕ ಹಾಕುವಾಗ ಖರ್ಚನ್ನು ಹಂತ ಹಂತವಾಗಿ ನೋಡುತ್ತದೆ, ನಾನು ಅದನ್ನೇ ತೆಗೆದುಕೊಂಡೆ. ಎ2 ಅಂದರೆ ಕೈಯಿಂದ ನಿಜವಾಗಿ ಹೋದ ಖರ್ಚು: ಬೀಜ, ಗೊಬ್ಬರ, ಮದ್ದು, ಆಳಿನ ಕೂಲಿ, ಡೀಸೆಲ್. ಅದಕ್ಕೆ ಎಫ್ಎಲ್ ಸೇರಿಸಬೇಕು, ಅಂದರೆ ಮನೆಯವರ ದುಡಿಮೆಗೆ ಹೊರಗಿನ ಕೂಲಿ ದರ ಕಟ್ಟಿ ಹಾಕುವುದು. ಸಿ2ಗೆ ಬಂದರೆ ಸ್ವಂತ ಭೂಮಿಗೆ ಬಾಡಿಗೆ ಕೊಟ್ಟಿದ್ದರೆ ಎಷ್ಟಾಗುತ್ತಿತ್ತು, ಸ್ವಂತ ಬಂಡವಾಳಕ್ಕೆ ಬಡ್ಡಿ ಎಷ್ಟು ಅನ್ನುವುದೂ ಸೇರುತ್ತದೆ. ಸರ್ಕಾರ ಈಗ ಎ2 ಪ್ಲಸ್ ಎಫ್ಎಲ್‌ನ ಕನಿಷ್ಠ ಒಂದೂವರೆ ಪಟ್ಟು ಬೆಂಬಲ ಬೆಲೆ ಕೊಡುತ್ತದೆ. 2025-26ಕ್ಕೆ ಸಾಮಾನ್ಯ ಭತ್ತದ ಖರ್ಚು ಕ್ವಿಂಟಾಲಿಗೆ 1,579 ರೂಪಾಯಿ ಅಂತ ಹಿಡಿದು 2,369 ರೂಪಾಯಿ ನಿಗದಿ ಮಾಡಿದ್ದರು. ರೈತ ಸಂಘಟನೆಗಳು ಕೇಳುತ್ತಿರುವುದು ಸಿ2ನ ಒಂದೂವರೆ ಪಟ್ಟು. ಆ 1,579 ದೇಶದ ಸರಾಸರಿ. ಮಲೆನಾಡಿನ ತುಂಡು ಗದ್ದೆಯಲ್ಲಿ, ಟ್ರ್ಯಾಕ್ಟರ್ ತಿರುಗಿಸಲೂ ಜಾಗ ಇಲ್ಲದ ಕಡೆ, ಮಂಗ ಮತ್ತು ಕಾಡುಹಂದಿ ತಿಂದು ಉಳಿದದ್ದರಲ್ಲಿ ನೀವೇ ಲೆಕ್ಕ ಹಾಕಿ ನೋಡಿ. ನನ್ನ ಗದ್ದೆ ಎ2ನಲ್ಲಿ ಲಾಭದಲ್ಲಿತ್ತು. ಎಫ್ಎಲ್ ಸೇರಿಸಿದ ಕೂಡಲೇ ನಷ್ಟಕ್ಕೆ ಹೋಯಿತು. ಸಿ2 ತನಕ ಹೋಗುವ ಅಗತ್ಯವೇ ಬರಲಿಲ್ಲ. ಅಡಿಕೆ ಮಾತ್ರ ಮೂರೂ ಹಂತ ದಾಟಿ ನಿಂತಿತು, ಕೊಳೆ ಬಂದ ವರ್ಷ ಬಿಟ್ಟು.

ಎರಡನೆಯದು ದಿನದ ಪುಸ್ತಕ. 2004ರಲ್ಲಿ ಡೇನಿಯಲ್ ಕಾನೆಮನ್, ಅಲನ್ ಕ್ರೂಗರ್ ಮತ್ತವರ ಜೊತೆಗಾರರು ಟೆಕ್ಸಾಸಿನ 909 ಉದ್ಯೋಗಸ್ಥ ಮಹಿಳೆಯರ ಹತ್ತಿರ ಮಾಡಿಸಿದ ವಿಧಾನ ಇದು. ಹಿಂದಿನ ದಿನವನ್ನು ತುಂಡು ತುಂಡಾಗಿ ಬರೆಯಬೇಕು: ಎಷ್ಟು ಗಂಟೆಯಿಂದ ಎಷ್ಟರವರೆಗೆ, ಎಲ್ಲಿ, ಯಾರ ಜೊತೆ, ಏನು ಕೆಲಸ. ಆಮೇಲೆ ಒಂದೊಂದು ತುಂಡಿಗೂ ಆಗ ಹೇಗನ್ನಿಸಿತ್ತು ಅಂತ ಸೊನ್ನೆಯಿಂದ ಆರರವರೆಗೆ ಅಂಕ. ಆ ಮಹಿಳೆಯರ ಲೆಕ್ಕದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಹೊತ್ತು ಟಿವಿ ನೋಡುವ ಹೊತ್ತಿಗಿಂತ ಕೆಳಗೆ ಬಂತು. ಮಕ್ಕಳೇ ನನ್ನ ಸಂತೋಷ ಅಂತ ಹೇಳುವವರು ಸುಳ್ಳು ಹೇಳುತ್ತಿದ್ದಾರೆ ಅಂತ ಇದರ ಅರ್ಥ ಅಲ್ಲ. ಒಟ್ಟಾರೆ ಬದುಕಿನ ಬಗ್ಗೆ ಕೇಳಿದರೆ ಒಂದು ಉತ್ತರ, ಮಂಗಳವಾರ ಸಂಜೆ ಆರು ಗಂಟೆಯ ಬಗ್ಗೆ ಕೇಳಿದರೆ ಇನ್ನೊಂದು ಉತ್ತರ. ಎರಡೂ ನಿಜ. ನಮಗೆ ಮೊದಲನೆಯದು ಬೇಗ ಬಾಯಿಗೆ ಬರುತ್ತದೆ, ಅಷ್ಟೇ.

ನನ್ನ ಪುಸ್ತಕದಲ್ಲಿ ಏನು ಬಂತು ಅಂದರೆ, ನಾನು ಯಾವುದನ್ನು ಹಬ್ಬ ಅಂತ ಎಲ್ಲರಿಗೂ ಹೇಳುತ್ತಿದ್ದೆನೋ ಆ ಕೊನೆಕೊಯ್ಲಿನ (ಅಡಿಕೆ ಗೊನೆ ಕೊಯ್ಯುವ) ಹಗಲುಗಳಿಗೆ ಒಂದು, ಎರಡು, ಒಂದು. ಮರ ಹತ್ತಿ ಕೊಯ್ಯುವ ಕೊನೆಗೌಡ ಇವತ್ತು ಬರುತ್ತಾನೋ ಇಲ್ಲವೋ, ಮರದ ಮೇಲಿದ್ದವನಿಗೆ ಏನೂ ಆಗದಿರಲಿ ದೇವರೇ, ಒಣಗಲು ಹಾಕಿದ್ದರ ಮೇಲೆ ಮೋಡ ಕಟ್ಟಿತಲ್ಲ, ಇಡೀ ದಿನ ಇದೇ. ಮೇಲಿನ ಅಂಕ ಬಿದ್ದದ್ದು ನಾನು ಯಾರಿಗೂ ಹೇಳದ ಹೊತ್ತುಗಳಿಗೆ. ಬೇಸಿಗೆಯಲ್ಲಿ ಸಂಜೆ ಒಬ್ಬನೇ ತೋಟಕ್ಕೆ ನೀರು ತಿರುಗಿಸುವುದು. ದರಕು (ಒಣ ಎಲೆ) ಗುಡಿಸಲು ಬೆಟ್ಟಕ್ಕೆ ಹೋದಾಗ ಬುತ್ತಿ ಉಂಡು ಕೂತಿದ್ದು. ರಾತ್ರಿ ಎಲ್ಲ ಸೇರಿ ಅಡಿಕೆ ಸುಲಿಯುವಾಗ ಹರಟೆ. ಎಲ್ಲಕ್ಕಿಂತ ಕೆಳಗಿದ್ದದ್ದು ವಾಟ್ಸಾಪಿನಲ್ಲಿ ಅಡಿಕೆ ದರ ನೋಡುವ ಹೊತ್ತು, ದರ ಏರಿದ ದಿನವೂ. ಏರಿದರೆ ನಿನ್ನೆ ಮಾರಿದವರದ್ದು ನೆನಪಾಗುತ್ತಿತ್ತು, ಇಳಿದರೆ ನಾವು ಮಾರದೇ ಇಟ್ಟದ್ದು. ಆ ಗುಂಪುಗಳಿಂದ ಹೊರಗೆ ಬಂದೆ. ಈಗ ವಾರಕ್ಕೊಮ್ಮೆ ಸೊಸೈಟಿಗೆ ಹೋದಾಗ ಬೋರ್ಡು ನೋಡಿ ಬರುತ್ತೇನೆ, ಅಷ್ಟು ಸಾಕು.

ಇಲ್ಲಿಯವರೆಗೆ ನನಗೆ ಸಮಾಧಾನವೇ ಆಗಿತ್ತು. ಸಂತೋಷ ಇದೆ ಅನ್ನುವುದು ಸುಳ್ಳಾಗಿರಲಿಲ್ಲ, ಅದು ಎಲ್ಲಿಂದ ಬರುತ್ತಿದೆ ಅನ್ನುವುದು ಮಾತ್ರ ತಪ್ಪಾಗಿತ್ತು. ಲೆಕ್ಕ ಬರೆದದ್ದರಿಂದ ನೆಮ್ಮದಿ ಹೋಗಲಿಲ್ಲ, ವಿಳಾಸ ಸಿಕ್ಕಿತು.

ಕಷ್ಟದ ಭಾಗ ಬಂದದ್ದು ಎಫ್ಎಲ್ ಕಲಂ ತುಂಬುವಾಗ. ಮನೆಯವರ ದುಡಿಮೆ ಅಂದಾಗ ನನ್ನ ಗಂಟೆ ಬರೆಯುವುದು ಸುಲಭ. ಹೆಂಡತಿಯ ಗಂಟೆ ಕೇಳಲು ಹೋದೆ. ಅವಳು ಪುಸ್ತಕ ನೋಡಿ ಮೊದಲು ಕೇಳಿದ್ದು, "ನನಗೆ ಯಾವ ದರ ಹಾಕ್ತೀರಿ? ಹೆಣ್ಣಾಳಿನದ್ದೋ ಗಂಡಾಳಿನದ್ದೋ?" ನಮ್ಮ ಕಡೆ ಎರಡೂ ಬೇರೆ ಬೇರೆ ಅಂತ ಎಲ್ಲರಿಗೂ ಗೊತ್ತು. ಉದ್ಯೋಗ ಖಾತ್ರಿಯಲ್ಲಿ ಆ ಭೇದ ಇರಲಿಲ್ಲ, ಕರ್ನಾಟಕದಲ್ಲಿ 2025-26ಕ್ಕೆ ಇಬ್ಬರಿಗೂ ದಿನಕ್ಕೆ 370 ರೂಪಾಯಿ ಇತ್ತು. ತೋಟದ ಕೂಲಿಯಲ್ಲಿ ಇದೆ. ಇಬ್ಬರಿಗೂ ಗಂಡಾಳಿನ ದರವೇ ಅಂತ ಬರೆದೆವು. ಅವಳ ಎರಡನೆಯ ಪ್ರಶ್ನೆ ಇನ್ನೂ ಗಟ್ಟಿ ಇತ್ತು. "ಆಳುಗಳಿಗೆ ತಿಂಡಿ, ಚಾ, ಊಟ ಮಾಡಿದ್ದು ಮನೆಗೆಲಸವೋ ತೋಟದ ಕೆಲಸವೋ?"

ತೋಟದ ಕೆಲಸವೇ ಅಲ್ವಾ. ಆಳಿಗೆ ಊಟ ಹಾಕದಿದ್ದರೆ ಆ ದುಡ್ಡನ್ನು ಕೂಲಿಗೆ ಸೇರಿಸಿ ಕೊಡಬೇಕು. ಹಾಗೆ ಅವಳದ್ದು, ಆಯಿಯದ್ದು ಸೇರಿಸಿ ಬರೆದಾಗ ಕೊಯ್ಲಿನ ತಿಂಗಳುಗಳಲ್ಲಿ ಅವರಿಬ್ಬರ ಗಂಟೆ ನನ್ನದಕ್ಕಿಂತ ಜಾಸ್ತಿ ಬಂತು. ಗದ್ದೆಯ ನಷ್ಟ ಇನ್ನೂ ದೊಡ್ಡದಾಯಿತು, ಅಡಿಕೆಯ ಲಾಭ ಇನ್ನೂ ಸಣ್ಣದಾಯಿತು. ಎಷ್ಟೋ ವರ್ಷಗಳಿಂದ "ದುಡ್ಡು ಅಷ್ಟಕ್ಕಷ್ಟೇ, ಆದರೆ ನೆಮ್ಮದಿ ಇದೆಯಲ್ಲ" ಅನ್ನುವ ನಮ್ಮ ಮನೆಯ ಮಾತಿನ ಕೆಳಗೆ ಇದು ಕೂತಿತ್ತು.

ಅವಳೂ ದಿನದ ಪುಸ್ತಕ ಬರೆಯಲು ಶುರು ಮಾಡಿದಳು. ನಾನು ಹೇಳಿರಲಿಲ್ಲ, ತಾನೇ ಮಾಡಿದಳು. ಒಂದು ಮಳೆಗಾಲದ ಮಧ್ಯಾಹ್ನ ನಮ್ಮಿಬ್ಬರ ದಿನದ ಪುಸ್ತಕ ಪಕ್ಕಪಕ್ಕ ಇಟ್ಟು ನೋಡಿದೆವು. ಅಡಿಕೆ ಸುಲಿಯುವ ರಾತ್ರಿಗಳಿಗೆ ನನ್ನದರಲ್ಲಿ ಐದು, ಆರು. ಅವೇ ರಾತ್ರಿಗಳಿಗೆ ಅವಳದ್ದರಲ್ಲಿ ಒಂದು. ಯಾಕೆಂದರೆ ನಾನು ಹರಟೆಯ ಮಧ್ಯೆ ಕೂತಿರುತ್ತೇನೆ, ಅವಳು ಚಾ ಮಾಡಲು ಎದ್ದಿರುತ್ತಾಳೆ, ಎಲ್ಲರೂ ಹೋದ ಮೇಲೆ ಲೋಟ ತೊಳೆದಿರುತ್ತಾಳೆ, ಬೆಳಿಗ್ಗೆ ಮತ್ತೆ ಎಲ್ಲರಿಗಿಂತ ಮುಂಚೆ ಎದ್ದು ತಿಂಡಿಗೆ ಇಟ್ಟಿರುತ್ತಾಳೆ. ಮಗಳ ಜೊತೆ ಸೈಕಲ್ ಹೊಡೆಯುವುದಕ್ಕೆ, ಪೇಟೆಗೆ ಒಬ್ಬಳೇ ಬಸ್ಸಿನಲ್ಲಿ ಹೋಗಿ ಬರುವುದಕ್ಕೆ ಅವಳದ್ದರಲ್ಲಿ ಆರು ಇತ್ತು. ಬಸ್ಸಿನದ್ದು ನನಗೆ ಗೊತ್ತೇ ಇರಲಿಲ್ಲ. ಹೊತ್ತಾಗುತ್ತದೆ ಅಂತ ನಾನು ಬೈಕಿನಲ್ಲಿ ಬಿಟ್ಟು ಬರುತ್ತಿದ್ದೆ.

ಇದನ್ನು ನೋಡಿದ ಮೇಲೆ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಟೇಲರ್ ಮತ್ತು ಬ್ರೌನ್ ಹೇಳುವ ಸಿಹಿ ಸುಳ್ಳುಗಳು ಒಳ್ಳೆಯವೋ ಕೆಟ್ಟವೋ ಅಂತ ಒಬ್ಬನ ತಲೆಯೊಳಗೆ ಮಾತ್ರ ನೋಡಿದರೆ ತೀರ್ಮಾನ ಸಿಗುವುದಿಲ್ಲ. ನನ್ನ ಸುಳ್ಳಿನ ಖರ್ಚನ್ನು ಯಾರು ಕೊಡುತ್ತಿದ್ದಾರೆ ಅಂತ ನೋಡಬೇಕು. ಬರುವ ವರ್ಷ ಫಸಲು ಚೆನ್ನಾಗಿ ಬರುತ್ತದೆ ಅಂತ ನಾನು ಕಾರಣ ಇಲ್ಲದೆ ನಂಬಿದರೆ ಅದರಿಂದ ಯಾರಿಗೂ ತೊಂದರೆ ಇಲ್ಲ, ಆ ನಂಬಿಕೆ ಮೇಲೆ ಸಾಲ ತೆಗೆಯದಿದ್ದರೆ ಸರಿ. "ನಮ್ಮ ಮನೆಯಲ್ಲಿ ಎಲ್ಲ ಸೇರಿ ಖುಷಿಯಾಗಿ ಕೆಲಸ ಮಾಡುತ್ತೇವೆ" ಅಂತ ನಾನು ನಂಬಿದರೆ ಅದರ ಬೆಲೆಯನ್ನು ಅಡುಗೆಮನೆಯಲ್ಲಿ ನಿಂತವರು ಕೊಡುತ್ತಿರುತ್ತಾರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು.

ಬದಲಾವಣೆ ದೊಡ್ಡದೇನೂ ಅಲ್ಲ. ಅರ್ಧ ಅಡಿಕೆಯನ್ನು ಸುಲಿಯುವ ಯಂತ್ರಕ್ಕೆ ಕೊಟ್ಟೆವು. ಉಳಿದ ರಾತ್ರಿಗಳಲ್ಲಿ ಚಾ ನನ್ನ ಕೆಲಸ. ಕೊಯ್ಲಿನ ದಿನಗಳ ತಿಂಡಿಯನ್ನು ಕೇರಿಯ ಒಬ್ಬರು ಮಾಡಿಕೊಡುತ್ತಾರೆ, ಅದಕ್ಕೆ ದುಡ್ಡು ಕೊಡುತ್ತೇವೆ, ಅದು ಎ2ಗೆ ಹೋಗುತ್ತದೆ. ಮರ ಹತ್ತುವ ಜಾಗದಲ್ಲಿ ಸಾಧ್ಯವಾದಷ್ಟು ಫೈಬರ್ ದೋಟಿ (ನೆಲದಲ್ಲಿ ನಿಂತೇ ಕೊಯ್ಯುವ ಉದ್ದ ಕೋಲು) ಬಂತು, ಅದಕ್ಕೆ ನನ್ನ ಹಗಲುಗಳ ಅಂಕವೂ ಏರಿತು. ಹರಟೆಯ ರಾತ್ರಿಗಳು ಕಡಿಮೆಯಾದದ್ದರಿಂದ ನನ್ನ ಆರುಗಳು ಕಡಿಮೆಯಾದವು. ಅವಳ ಒಂದುಗಳೂ ಕಡಿಮೆಯಾದವು. ಪೇಟೆಗೆ ಅವಳು ಬಸ್ಸಿನಲ್ಲೇ ಹೋಗುತ್ತಾಳೆ.

ಈಗ ಲೆಕ್ಕ ಬರೆದರೆ ಕೈ ನಿಂತುಹೋಗುತ್ತದೆ ಅನ್ನುವ ಹಿರಿಯರ ಭಯದ ಬಗ್ಗೆ. ಆ ಭಯದಲ್ಲಿ ಹುರುಳಿದೆ. ಅಡಿಕೆ ಸಸಿ ನೆಟ್ಟರೆ ಫಸಲು ನೋಡಲು ಐದಾರು ವರ್ಷ ಬೇಕು. ಎಕರೆಗೆ ಐನೂರೈವತ್ತರ ಹತ್ತಿರ ಸಸಿ ಹಿಡಿಯುತ್ತವೆ. ಅಷ್ಟು ಹೊತ್ತಿಗೆ ದರ ಎಷ್ಟಿರುತ್ತದೋ, ಎಲೆಚುಕ್ಕೆ ರೋಗ ನಮ್ಮ ತೋಟಕ್ಕೂ ಬಂದಿರುತ್ತದೋ, ಯಾರಿಗೂ ಗೊತ್ತಿಲ್ಲ. ಇದನ್ನೆಲ್ಲ ತಲೆಯಲ್ಲಿ ತುಂಬಿಕೊಂಡು ಗುಂಡಿ ತೆಗೆಯಲು ಆಗುವುದಿಲ್ಲ. ಮಳೆಯಲ್ಲಿ ಪೈಪು ಎಳೆದುಕೊಂಡು ಮದ್ದು ಹೊಡೆಯುವಾಗ "ಮಳೆಯ ಪಾಲೇ ಜಾಸ್ತಿ" ಅಂತ ಯೋಚಿಸುತ್ತಾ ನಿಂತರೆ ಅರ್ಧ ಕೊನೆಗಳಿಗೆ ಮದ್ದೇ ತಾಗುವುದಿಲ್ಲ.

ಇದಕ್ಕೆ ನನಗೆ ದಾರಿ ತೋರಿಸಿದ್ದು 1995ರಲ್ಲಿ ಅದೇ ಶೆಲ್ಲಿ ಟೇಲರ್ ಮತ್ತು ಪೀಟರ್ ಗೋಲ್‌ವಿಟ್ಜರ್ ಮಾಡಿದ ಕೆಲಸ. ಮಾಡಬೇಕೋ ಬೇಡವೋ ಅಂತ ತೂಗುತ್ತಿರುವಾಗ ಜನ ಸಾಕಷ್ಟು ವಾಸ್ತವವಾಗಿ ಯೋಚಿಸುತ್ತಾರೆ, ತೀರ್ಮಾನ ಆಗಿ ಕೆಲಸಕ್ಕೆ ಇಳಿದ ಮೇಲೆ ತಮ್ಮ ಬಗ್ಗೆ ಜಾಸ್ತಿ ಭರವಸೆ ತಂದುಕೊಳ್ಳುತ್ತಾರೆ ಅಂತ ಅವರು ಕಂಡುಕೊಂಡರು. ಅಂದರೆ ಎರಡಕ್ಕೂ ಅದರದ್ದೇ ಹೊತ್ತು ಇದೆ. ನಾನು ಇದನ್ನು ನಿಯಮ ಮಾಡಿಕೊಂಡೆ: ಬರೆಯುವುದು ದಿನಾ, ಕೂಡಿಸುವುದು ವರ್ಷಕ್ಕೊಮ್ಮೆ. ಜೂನ್‌ನಿಂದ ಕೊಯ್ಲು ಮುಗಿಯುವವರೆಗೆ ಅಂಕಿ ಬರೆದಿಡುತ್ತೇನೆ, ಮೊತ್ತ ನೋಡುವುದಿಲ್ಲ. ಏಪ್ರಿಲ್‌ನಲ್ಲಿ ಮನೆಯವರೆಲ್ಲ ಕೂತು ಕೂಡಿಸುತ್ತೇವೆ, ಆಗ ಯಾವ ಸಮಾಧಾನದ ಮಾತೂ ಇಲ್ಲ. ಮುಂದಿನ ವರ್ಷಕ್ಕೆ ಏನು ಮಾಡಬೇಕು, ಏನು ಬಿಡಬೇಕು ಅಂತ ಆಗಲೇ ತೀರ್ಮಾನ. ಆಮೇಲೆ ಪುಸ್ತಕ ಮುಚ್ಚಿ ಕೆಲಸಕ್ಕೆ ಇಳಿದರೆ ಭರವಸೆಯಿಂದಲೇ ಇಳಿಯುತ್ತೇನೆ, ಅದನ್ನು ಯಾರೂ ಕದಡಲು ಬಿಡುವುದಿಲ್ಲ. ಇನ್ನೊಂದು ಅಭ್ಯಾಸವೂ ಇದೆ. ಮೇ ತಿಂಗಳಲ್ಲಿ, ಸಿಂಗಾರ (ಅಡಿಕೆ ಹೂಗೊಂಚಲು) ಒಡೆದು ಕಾಯಿ ಕಚ್ಚಿರುವುದನ್ನು ನೋಡಿ ಈ ಸಲ ಎಷ್ಟು ಕ್ವಿಂಟಾಲ್ ಆಗಬಹುದು ಅಂತ ಅಂದಾಜು ಬರೆದು ತಾರೀಖು ಹಾಕುತ್ತೇನೆ. ಮಿಳ್ಳೆ (ಎಳೆ ಕಾಯಿ) ಉದುರಿ, ಕೊಳೆ ತಿಂದು, ಕೊನೆಗೆ ತೂಕ ಆದಾಗ ತೆಗೆದು ನೋಡುವುದು. ನನ್ನ ಅಂದಾಜು ಪ್ರತಿ ಸಲ ಒಂದೇ ಕಡೆಗೆ, ಮೇಲಕ್ಕೇ, ತಪ್ಪುತ್ತದೆ. ಎಷ್ಟು ತಪ್ಪುತ್ತದೆ ಅಂತ ಗೊತ್ತಿರುವುದರಿಂದ ಸಾಲದ ಲೆಕ್ಕ ಹಾಕುವಾಗ ಅಷ್ಟನ್ನು ಕಳೆದೇ ಹಾಕುತ್ತೇನೆ. ಆಸೆ ಹಾಗೇ ಇದೆ.

ಗದ್ದೆಯ ತೀರ್ಮಾನವೂ ಹೀಗೇ ಆಯಿತು. ದುಡ್ಡಿನ ಪುಸ್ತಕ ಪೂರ್ತಿ ಬಿಡು ಅಂದಿತು. ದಿನದ ಪುಸ್ತಕದಲ್ಲಿ ನಾಟಿಯ ದಿನಕ್ಕೆ ಎಲ್ಲರ ಅಂಕವೂ ಮೇಲೆ, ಹಂದಿ ಕಾಯುವ ರಾತ್ರಿಗಳದ್ದು ಎಲ್ಲರದ್ದೂ ಕೆಳಗೆ, ಹೊಸ ಅಕ್ಕಿಯ ಅನ್ನ ಉಂಡ ದಿನಗಳದ್ದು ಮತ್ತೆ ಮೇಲೆ. ಮನೆಗೆ ಸಾಕಾಗುವಷ್ಟು, ಮನೆ ಹತ್ತಿರದ ಗದ್ದೆ ಮಾತ್ರ ಉಳಿಸಿಕೊಂಡೆವು. ಉಳಿದದ್ದರಲ್ಲಿ ದನಕ್ಕೆ ಹುಲ್ಲು. ಉಳಿಸಿಕೊಂಡ ಗದ್ದೆಯ ನಷ್ಟವನ್ನು ಮುಚ್ಚಿಡುವುದಿಲ್ಲ, "ಮನೆ ಅನ್ನಕ್ಕೆ, ಖುಷಿಗೆ" ಅಂತ ತಲೆಬರಹ ಕೊಟ್ಟು ಪಕ್ಕದಲ್ಲಿ ರೂಪಾಯಿ ಬರೆಯುತ್ತೇವೆ. ಊಟಕ್ಕೆ ಬಂದ ನೆಂಟರು "ನಿಮ್ಮದೇ ಅಕ್ಕಿಯಾ?" ಅಂತ ಕೇಳಿದಾಗ ನನಗೆ ಆಗುವ ಹೆಮ್ಮೆ ಆ ಅಂಕಿ ಗೊತ್ತಾದ ಮೇಲೆ ಒಂದಿಷ್ಟೂ ಕಡಿಮೆ ಆಗಿಲ್ಲ.

ಬಗೆಹರಿಯದೇ ಉಳಿದಿರುವುದು ದನದ ಲೆಕ್ಕ. ಹಿಂಡಿ, ಹುಲ್ಲು, ಡಾಕ್ಟರ ಖರ್ಚು ಬರೆದು ಹಾಲಿನ ದುಡ್ಡು ಕಳೆದರೆ ನಷ್ಟ. ಆದರೆ ಗೊಬ್ಬರ ಇಲ್ಲದೆ ತೋಟ ಇಲ್ಲ, ಗೋಬರ್ ಗ್ಯಾಸಿನಿಂದ ಸಿಲಿಂಡರೂ ಉಳಿಯುತ್ತದೆ. ಕೊಟ್ಟಿಗೆ ಕೆಲಸದ ಹೆಚ್ಚಿನ ಭಾಗ ಆಯಿಯದ್ದು, ಅವರ ವಯಸ್ಸಿಗೆ ಅದು ಭಾರ. ಅವರನ್ನು ದಿನದ ಅಂಕ ಕೇಳಿದರೆ ಕೊಟ್ಟಿಗೆಗೆ ಆರು ಅನ್ನುತ್ತಾರೆ, ಸೊಂಟ ಹಿಡಿದುಕೊಂಡೇ ಅನ್ನುತ್ತಾರೆ. ಆ ಆರನ್ನು ನಾನು ನಂಬಬೇಕೋ, ನಮಗೆ ತೊಂದರೆ ಆಗಬಾರದು ಅಂತ ಹೇಳುತ್ತಿದ್ದಾರೋ, ಇನ್ನೂ ತಿಳಿದಿಲ್ಲ. ಹೆಂಡತಿ ಹೇಳುವುದು, ಕೇಳುವುದು ಬಿಟ್ಟು ಒಂದು ತಿಂಗಳು ಅವರ ಜೊತೆ ಕೊಟ್ಟಿಗೆಯಲ್ಲಿ ನೀವೂ ಕೆಲಸ ಮಾಡಿ ನೋಡಿ ಅಂತ. ಈ ಮಳೆಗಾಲಕ್ಕೆ ಮುಂಚೆ ಅದನ್ನು ಮಾಡುತ್ತೇನೆ. ಮತ್ತೆ, ಮನೆಯಲ್ಲೇ ಆದ ಕೊಟ್ಟಿಗೆ ಗೊಬ್ಬರಕ್ಕೆ ನೀವು ಯಾವ ದರ ಹಿಡಿಯುತ್ತೀರಿ? ಲೋಡಿನ ಮೇಲೆ ಪೇಟೆ ದರವೋ, ಅಥವಾ ಬೇರೆ ಯಾವುದಾದರೂ ಕ್ರಮ ಇದೆಯೋ? ಲೆಕ್ಕ ಇಡುವವರು ಇದ್ದರೆ ದಯವಿಟ್ಟು ತಿಳಿಸಿ.